ಬಾಯಿ ಬಿಡದ ಕಾರ್ಡ್ ರೀಡರ್

ಮದುವೆ ಫೋಟೋ ತೆಗೆಯುವವರ ಬದುಕಿನಲ್ಲಿ ಎಡವಟ್ಟು ಅನ್ನುವುದು ಎಲೆ ತುದಿಗೆ ಉಪ್ಪಿನಕಾಯಿ ಬಂದಷ್ಟು ಸಹಜವಾಗಿ ಬಂದು ಕೂರುತ್ತದೆ. ನಾವು ಕೇಳಬೇಕಾಗಿಲ್ಲ. ಕ್ಯಾಮೆರಾ ಸರಿ ಇದ್ದ ದಿನ ಕರೆಂಟು ಇರುವುದಿಲ್ಲ. ಕರೆಂಟು ಇದ್ದ ದಿನ ಹುಡುಗನ ಸೋದರಮಾವ ಮುನಿಸಿಕೊಂಡು ಫೋಟೋಗೆ ನಿಲ್ಲುವುದಿಲ್ಲ. ಚನ್ನರಾಯಪಟ್ಟಣದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು ಇಂಥವನ್ನೆಲ್ಲ ನುಂಗಿಕೊಂಡು ಬಂದವನು ನಾನು. ಆದರೆ ಹೋದ ವರ್ಷ ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಒಂದು ಸೀಳು ನನ್ನನ್ನು ನಾಲ್ಕು ಊರು ಸುತ್ತಿಸಿತು. ಆ ಸೀಳಿಗೆ ಕಾರ್ಡ್ ರೀಡರ್ ಅಂತ ಹೆಸರು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅದರೊಳಗೆ ತೂರಿಸಿದರೆ ಫೋಟೋಗಳು ಪರದೆ ಮೇಲೆ ಬರಬೇಕು.

ಬರಲಿಲ್ಲ. ನಾನೂ ಬಿಡಲಿಲ್ಲ. ನನ್ನ ಈ ಗುಣಕ್ಕೆ ನನ್ನಾಕೆ ಹಟ ಅನ್ನುತ್ತಾಳೆ, ನಾನು ಛಲ ಅನ್ನುತ್ತೇನೆ. ನಡೆದದ್ದನ್ನು ಹೇಳುತ್ತೇನೆ, ಯಾವುದು ಅಂತ ನೀವೇ ತೀರ್ಮಾನ ಮಾಡಿ.

೧. ಮೊದಲ ವಾರದ ರಿಪೇರಿ

ಲ್ಯಾಪ್‌ಟಾಪನ್ನು ಹಾಸನದಲ್ಲಿ ಕೊಂಡಿದ್ದೆ. ಮನೆಗೆ ತಂದು ಪೂಜೆ ಮಾಡಿಸಿ, ಕುಂಕುಮ ಇಟ್ಟು, ಬಲಗಡೆ ತಿರುಗಿಸಿ ನೋಡುತ್ತೇನೆ, ಕಾರ್ಡ್ ರೀಡರಿನೊಳಗೆ ಆಗಲೇ ಒಂದು ಕಾರ್ಡ್ ಕೂತಿದೆ! ಒತ್ತಿದೆ, ಟಕ್ ಅಂತ ಹೊರಗೆ ಬಂತು. ಕಪ್ಪು ಬಣ್ಣ, ಮೈಮೇಲೆ ಹೆಸರಿಲ್ಲ, ಏನಿಲ್ಲ. ಅಂಗಡಿಯವನು ಬಾಯಿಬಿಟ್ಟು ಹೇಳದೆ ಉಡುಗೊರೆ ಕೊಟ್ಟಿದ್ದಾನೆ ಅಂದುಕೊಂಡು ಮನಸ್ಸಿನಲ್ಲೇ ಅವನಿಗೆ ಒಳ್ಳೆಯದಾಗಲಿ ಅಂತ ಹರಸಿದೆ.

ಆದರೆ ಆ ಕಾರ್ಡನ್ನು ಎಷ್ಟು ಸಲ ಹಾಕಿದರೂ ಲ್ಯಾಪ್‌ಟಾಪ್ ಓದಲಿಲ್ಲ. ರೀಡರ್ ಕೆಟ್ಟಿದೆ ಅಂತ ತೀರ್ಮಾನಿಸಿದೆ. ಒಂದು ವಾರ ಬಿಟ್ಟೂ ಬಿಡದೆ ಕೂತೆ. ಊದಿದೆ, ಒರೆಸಿದೆ, ಮೊಬೈಲಿನಲ್ಲಿ ಎಂಟು ವಿಡಿಯೋ ನೋಡಿದೆ. ಆ ಸಾಫ್ಟ್‌ವೇರ್ ತೆಗೆದು ಈ ಸಾಫ್ಟ್‌ವೇರ್ ಹಾಕಿದೆ. ಎಂಟನೇ ದಿನ ಸಿಟ್ಟು ನೆತ್ತಿಗೇರಿ ಅಂಗಡಿಗೆ ಫೋನ್ ಮಾಡಿ, "ನೀವು ಕೊಟ್ಟ ಕಾರ್ಡನ್ನ ನಿಮ್ಮ ಲ್ಯಾಪ್‌ಟಾಪೇ ಓದ್ತಾ ಇಲ್ವಲ್ರೀ. ಎಷ್ಟು ಜಿಬಿ ಇದು?" ಅಂತ ಜೋರು ಮಾಡಿದೆ.

ಅಂಗಡಿಯವನು ಕಾರ್ಡಿನ ಬಣ್ಣ ಯಾವುದು ಅಂತ ಕೇಳಿದ. ಆಮೇಲೆ, "ಸಾ, ಅದು ಬರೀ ಪ್ಲಾಸ್ಟಿಕ್ಕು. ತೂತಿನೊಳಗೆ ಕಸ ಕಡ್ಡಿ ಓಗ್ದೇ ಇರ್ಲಿ ಅಂತ ಕಂಪನಿಯೋರು ಇಟ್ಟಿರೋ ಮುಚ್ಳ" ಅಂದ.

ವಾರವಿಡೀ ನಾನು ಮುಚ್ಚಳದೊಳಗಿನ ಫೋಟೋ ಹುಡುಕುತ್ತಿದ್ದೆ. ನಾಚಿಕೆಯಾಗಿ ಅದನ್ನು ಕಿಟಕಿಯಿಂದ ಎಸೆಯಲು ಹೋದರೆ ನನ್ನಾಕೆ ಕೈ ಹಿಡಿದಳು. "ಕೊಡೀ ಇಲ್ಲಿ" ಅಂತ ಇಸಿದುಕೊಂಡು, ಅಲ್ಲಾಡುತ್ತಿದ್ದ ಗ್ರೈಂಡರಿನ ಒಂದು ಕಾಲಿನ ಕೆಳಗೆ ಸಿಕ್ಕಿಸಿದಳು. ಗ್ರೈಂಡರು ಅವತ್ತಿನಿಂದ ಅಲ್ಲಾಡಿಲ್ಲ. ಆ ಕಾರ್ಡು ಯಾವತ್ತಾದರೂ ಸರಿಯಾಗಿ ಕೆಲಸ ಮಾಡಿದ್ದರೆ ಅದು ಅಲ್ಲಿಯೇ.

೨. ಮುನ್ನೂರು ಮೊಬೈಲು, ಒಂದು ಬೆನ್ನು

ಹೋದ ವರ್ಷದ ಆ ಮದುವೆ ನಮ್ಮ ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ ನಡೆಯಿತು, ಭಾನುವಾರ. ಹುಡುಗ ನುಗ್ಗೇಹಳ್ಳಿಯವನು, ಹಾಸನದಲ್ಲಿ ಸರ್ಕಾರಿ ಕೆಲಸ. ಹುಡುಗಿ ಅರಕಲಗೂಡಿನವಳು, ಕಲಬುರಗಿ ಕಡೆಯ ಶಾಲೆಯಲ್ಲಿ ಟೀಚರ್. ವಿಡಿಯೋ ಬೇಡ, ಫೋಟೋ ಸಾಕು ಅಂದಿದ್ದರು. ನಾನೊಬ್ಬನೇ ಹೋಗಿದ್ದೆ, ಹೊಸ ಬಿಳಿ ಶರ್ಟು ಹಾಕಿಕೊಂಡು.

ಬೆಳಿಗ್ಗೆ ಹುಡುಗಿಗೆ ಅರಿಶಿನ ಹಚ್ಚುವ ಶಾಸ್ತ್ರ. ನಾನು ಹತ್ತಿರ ಹೋಗಿ ಬಗ್ಗಿ ಫೋಟೋ ತೆಗೆಯುತ್ತಿದ್ದರೆ ಹಿಂದಿನಿಂದ ಯಾರೋ ಬೆನ್ನಿಗೆ ಫಟಾರನೆ ಒಂದು ಬಿಟ್ಟರು. ತಿರುಗಿ ನೋಡಿದರೆ ಹುಡುಗಿಯ ಅಜ್ಜಿ.

"ಯೋ ಪೋಟೋದವ್ನೇ, ವಸಿ ಪಕ್ಕಕ್ ಸರ್ಕಳಪ್ಪ. ನೀನೇ ಎಲ್ಲಾ ನೋಡ್ಬುಟ್ರೆ ನಾವೇನ್ ನೋಡವಾ?"

ನಾನು ನಕ್ಕು ಸರಿದುಕೊಂಡೆ. ಅಜ್ಜಿಯ ಕೈತುಂಬ ಅರಿಶಿನ ಇತ್ತು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಂಟಪದ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿ ಲ್ಯಾಪ್‌ಟಾಪ್ ಇಟ್ಟಿದ್ದೆ. ಅದಕ್ಕೆ ದೊಡ್ಡ ಟಿವಿ ಸಿಕ್ಕಿಸಿ ಹುಡುಗ ಹುಡುಗಿಯ ಹಳೆಯ ಫೋಟೋಗಳನ್ನು ತೋರಿಸುತ್ತಿದ್ದೆ. ಮುಹೂರ್ತ ಬಂತು. ನಮ್ಮ ಕಡೆ ಆ ಹೊತ್ತಿಗೆ ಹುಡುಗ ಹುಡುಗಿ ಒಬ್ಬರ ನೆತ್ತಿ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುತ್ತಾರೆ. ಯಾರು ಮೊದಲು ಇಟ್ಟರೆ ಮನೆಯಲ್ಲಿ ಅವರದ್ದೇ ನಡೆಯುತ್ತೆ ಅಂತ ಎರಡೂ ಕಡೆಯವರು ಹುರಿದುಂಬಿಸುತ್ತಾರೆ. ಹುಡುಗ ಎತ್ತರ, ಆದರೆ ಟೀಚರಮ್ಮ ಬಿಡುವವಳಲ್ಲ. ಹಾರಿ ಇಟ್ಟಳು. ಅರ್ಧ ಅವನ ತಲೆ ಮೇಲೆ ಬಿತ್ತು, ಅರ್ಧ ಎಲ್ಲೋ ಹೋಯಿತು. ಅದರ ಬೆನ್ನಿಗೇ ತಾಳಿ. ಗಟ್ಟಿಮೇಳ, ನಾಲ್ಕು ದಿಕ್ಕಿನಿಂದ ಅಕ್ಷತೆ. ನಾನು ಎಲ್ಲರಿಗಿಂತ ಮುಂದೆ ನಿಂತು ಟಕಟಕ ಹನ್ನೆರಡು ಫೋಟೋ ಹೊಡೆದೆ.

"ಈಗಿಂದು ಟಿವೀಲಿ ತೋರ್ಸಿ" ಅಂದರು ಯಾರೋ. ಕ್ಯಾಮೆರಾದ ಕಾರ್ಡ್ ತೆಗೆದು ಲ್ಯಾಪ್‌ಟಾಪಿನ ಸೀಳಿಗೆ ತೂರಿಸಿದೆ. ಯಾಕೋ ಬಿಗಿಯಾಯಿತು. ಬಿಗಿಯಾದರೆ ಬಿಡುವವನಾ ನಾನು? ಹೆಬ್ಬೆರಳಿನಿಂದ ಒತ್ತಿದೆ. ಒಳಗೆ ಹೋಯಿತು. ಅಷ್ಟೇ. ಫೋಟೋ ಬರಲಿಲ್ಲ, ಕಾರ್ಡೂ ವಾಪಸ್ಸು ಬರಲಿಲ್ಲ. ಒತ್ತಿದರೆ ಟಕ್ ಅಂತ ಹೊರಬರಬೇಕಾದ್ದು ಬಾಯಿ ಕಚ್ಚಿಕೊಂಡು ಕೂತುಬಿಟ್ಟಿತು. "ನಾಳೆ ಕೊಡ್ತೀನಿ" ಅಂತ ಹೇಳಿ ಇನ್ನೊಂದು ಕಾರ್ಡ್ ಹಾಕಿಕೊಂಡು ಊಟದ ಫೋಟೋಗೆ ಹೋದೆ.

ಸೋಮವಾರ ಮಧ್ಯಾಹ್ನ ಮದುಮಗಳದ್ದೇ ಫೋನು. ಗಂಡ ಹೆಂಡತಿ ಒಂದೇ ಕಡೆ ಇರಲಿ ಅಂತ ಟೀಚರುಗಳಿಗೆ ವರ್ಗಾವಣೆ ಕೊಡುತ್ತಾರಲ್ಲ, ಅದಕ್ಕೆ ಮದುವೆ ನೋಂದಣಿ ಪತ್ರ ಬೇಕು. ಮದುವೆ ನೋಂದಣಿಗೆ ಮದುವೆಯ ಫೋಟೋ ಬೇಕು. ನೆಂಟರ ಮೊಬೈಲಿನಲ್ಲಿದ್ದ ಫೋಟೋಗಳನ್ನೆಲ್ಲ ತೆಗೆದುಕೊಂಡು ಇಬ್ಬರೂ ಕಚೇರಿಗೆ ಹೋಗಿದ್ದಾರೆ. ಗುಮಾಸ್ತರು ಕನ್ನಡಕ ಏರಿಸಿ ಒಂದೊಂದೇ ನೋಡಿದ್ದಾರೆ.

"ಹಾರ ಹಾಕ್ಕೊಂಡು ನಿಂತಿರೋದು ನಿಶ್ಚಿತಾರ್ಥದಲ್ಲೂ ನಿಲ್ತಾರಮ್ಮ. ತಾಳಿ ಕಟ್ತಿರೋದು ಕೊಡಿ. ಇದ್ರಲ್ಲಿ ಕಟ್ತಿರೋದು ಯಾರು, ಕಟ್ಟಿಸ್ಕೊಳ್ತಿರೋದು ಯಾರು? ನಂಗೆ ಕಾಣ್ತಿರೋದು ಒಂದು ಬೆನ್ನು."

ಅವಳು ನನಗೂ ಅವನ್ನು ಕಳಿಸಿದಳು. ಒಂದೊಂದೇ ತೆರೆದು ನೋಡಿದೆ. ಮುನ್ನೂರು ಜನ ಮುನ್ನೂರು ಮೊಬೈಲಿನಲ್ಲಿ ಆ ಕ್ಷಣವನ್ನು ತೆಗೆದಿದ್ದಾರೆ. ಅಷ್ಟರಲ್ಲೂ ಇರುವುದು ಮಂಟಪಕ್ಕೆ ಅಡ್ಡ ನಿಂತ ನನ್ನ ಬೆನ್ನು. ಬೆನ್ನಿನ ನಟ್ಟನಡುವೆ ಐದು ಬೆರಳೂ ಮೂಡಿದ ಹಳದಿ ಅಂಗೈ, ಕಿರುಬೆರಳು ಸೊಟ್ಟ.

"ಅಣ್ಣಾ, ಶುಕ್ರವಾರ ಅರ್ಜಿ ಹಾಕೋಕೆ ಕೊನೇ ದಿನ" ಅಂದಳು. "ತಪ್ಪಿದ್ರೆ ಇನ್ನೊಂದು ವರ್ಷ ನಾನು ಅಲ್ಲಿ, ಅವ್ರು ಇಲ್ಲಿ. ನಿಮ್ ಬೆನ್ನು ನೋಡ್ಕೊಂಡು ಸಂಸಾರ ಮಾಡ್ಲಾ?"

೩. ಹಾಸನದ ಡಾಕ್ಟರು

"ಹೊರಗಿಂದ ಸಿಕ್ಕಿಸೋ ರೀಡರು ಬರುತ್ತಲ್ಲ, ಒಂದು ತರ್ಬಾರ್ದಾ?" ಅಂದಳು ನನ್ನಾಕೆ.

"ತರಬಹುದು. ಕಾರ್ಡು ಹೊರಗೆ ಬಂದ್ರೆ ತಾನೆ ಅದಕ್ಕೆ ಹಾಕೋದು?"

ಹೊರಗೆ ತೆಗೆಯಬೇಕು, ಇಲ್ಲಾ ಇದ್ದಲ್ಲೇ ಓದಿಸಬೇಕು. ಎರಡರಲ್ಲಿ ಒಂದು ಶುಕ್ರವಾರದೊಳಗೆ ಆಗಲೇಬೇಕು. ಹೀಗಂತ ಶಪಥ ಮಾಡಿ ಮಂಗಳವಾರ ಬೆಳಿಗ್ಗೆ ಎದ್ದರೆ ಲ್ಯಾಪ್‌ಟಾಪ್ ಕಾಣಲಿಲ್ಲ. ಅಡುಗೆಮನೆಯಲ್ಲಿತ್ತು. ದೊಡ್ಡ ತಾಂಬಾಳದ ತುಂಬ ನೀರು, ನೀರಿನ ನಡುವೆ ಮಣೆ, ಮಣೆಯ ಮೇಲೆ ನನ್ನ ಲ್ಯಾಪ್‌ಟಾಪ್.

"ಏನೇ ಇದು!"

"ಇರುವೆ ಹತ್ತಿದ್ವು ರೀ. ಹಾಲಿನ ಪಾತ್ರೆಗೂ ಹೀಗೇ ಇಡೋದಲ್ವಾ?" ಅಂದಳು, ಏನೂ ಆಗದವಳ ಹಾಗೆ.

ನಲವತ್ತು ಮದುವೆಗಳ ಫೋಟೋ ಇರುವ ಯಂತ್ರ ನೀರಿನ ಮಧ್ಯೆ ದ್ವೀಪವಾಗಿ ಕೂತಿತ್ತು. ಜೀವ ಕೈಯಲ್ಲಿ ಹಿಡಿದು ಎತ್ತಿಕೊಂಡೆ. ಲ್ಯಾಪ್‌ಟಾಪಿಗೆ ಇರುವೆ ಯಾಕೆ ಹತ್ತುತ್ತೆ ಅಂತ ಒಂದು ಸಲ ಯೋಚನೆ ಮಾಡಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ಮಾಡಲಿಲ್ಲ. ಬಸ್ಸು ಹತ್ತಿದೆ.

ಹಾಸನದಲ್ಲಿ ನನಗೆ ಗೊತ್ತಿರುವ ರಿಪೇರಿಯವನೊಬ್ಬ ಇದ್ದಾನೆ. ಹಣೆಗೆ ಲೈಟು ಕಟ್ಟಿಕೊಂಡು ಕೂರುವುದರಿಂದ ಅವನನ್ನು ನಾವು ಡಾಕ್ಟರು ಅಂತಲೇ ಕರೆಯುವುದು. ಅವನು ಸೀಳಿನೊಳಗೆ ಲೈಟು ಬಿಟ್ಟು ನೋಡಿ, ಹಿಂದಿನ ಮುಚ್ಚಳ ಬಿಚ್ಚಿ, ತಲೆ ಆಡಿಸಿದ.

"ಸಾ, ಈ ರೀಡರನ್ನ ಬೋರ್ಡಿಗೇ ಬೆಸುಗೆ ಹಾಕವ್ರೆ. ಮೇಲೆ ತಗಡು ಬೇರೆ. ಬಿಚ್ಬೇಕು ಅಂದ್ರೆ ಬಿಸಿ ಗಾಳಿ ಬುಡ್ಬೇಕು. ಬಿಸಿ ಬುಟ್ರೆ ನಿಮ್ ಕಾರ್ಡು ಕರಗೋಯ್ತದೆ."

"ಬೇಡ, ಬೇಡ. ಇದ್ದಲ್ಲೇ ಓದಿಸು."

"ರೀಸ್ಟಾರ್ಟ್ ಮಾಡಿದ್ರಾ?"

"ಹದಿನೇಳು ಸಲ."

"ಅಂಗಾರೆ ಹದಿನೆಂಟು ಮಾಡವಾ."

ಮಾಡಿದ. ಆಮೇಲೆ ಹಳೆಯ ಡ್ರೈವರ್ ತೆಗೆದು ಹೊಸ ಡ್ರೈವರ್ ಹಾಕಿದ. ಕಂಪ್ಯೂಟರಿಗೆ ತನ್ನ ಕೈಕಾಲು ಎಲ್ಲಿವೆ ಅಂತ ಗೊತ್ತು ಮಾಡಿಕೊಡುವ ಪ್ರೋಗ್ರಾಮ್ ಅದು ಅಂತ ವಿವರಿಸಿದ. ಎಲ್ಲವನ್ನೂ ಅಪ್‌ಡೇಟ್ ಮಾಡಿದ. ನಾನು ಎದುರಿನ ಸ್ಟೂಲಿನ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಾಡದೆ ಕೂತೆ. ಮಧ್ಯೆ ಎರಡು ಸಲ, "ಸಾ, ನಿಮ್ ಲ್ಯಾಪ್‌ಟಾಪಿಂದ ಇರುವೆ ಬತ್ತಾ ಅವೆ" ಅಂದ. "ನನ್ನ ಹೆಂಡತಿ ಅಡುಗೆಮನೇಲಿ ಇಟ್ಟಿದ್ಲಪ್ಪ, ನೀನು ಕೆಲಸ ನೋಡು" ಅಂತ ಗದರಿದೆ.

ಸಂಜೆ ಐದಕ್ಕೆ ಅವನು ಹಣೆಯ ಲೈಟು ಆರಿಸಿ ಖುಷಿಯಿಂದ ನನ್ನ ಮುಖ ನೋಡಿದ. "ನೋಡಿ ಸಾ, ಸೌಂಡು ಮುಂಚೆ ಕರಕರ ಅಂತಿತ್ತು, ಈಗ ಸರಿ ಓಗದೆ. ವೈಫೈ ಸ್ಪೀಡಾಗದೆ. ಕನ್ನಡ ಅಕ್ಷರ ಬರ್ತಿರ್ಲಿಲ್ಲ, ಅದೂ ಬತ್ತದೆ."

"ಕಾರ್ಡು?"

"ಅದೊಂದ್ ಕೇಳ್ಬೇಡಿ ಸಾ."

೪. ಭಾವಮೈದನ ಕಡ್ಡಿ

ನನ್ನಾಕೆಯ ತಮ್ಮ ಹೊಳೆನರಸೀಪುರದಲ್ಲಿದ್ದಾನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮಿಕ್ಸಿಯಿಂದ ಹಿಡಿದು ಮೋಟಾರಿನವರೆಗೆ ಏನು ಬೇಕಾದರೂ ಬಿಚ್ಚುತ್ತಾನೆ. ಮತ್ತೆ ಜೋಡಿಸುವ ವಿಡಿಯೋ ನೋಡುವಷ್ಟು ಪುರುಸೊತ್ತು ಅವನಿಗೆ ಇರುವುದಿಲ್ಲ. ಅವನ ಕೈಗೆ ಕೊಡಬಾರದು ಅಂತ ಗೊತ್ತಿದ್ದೂ ಬುಧವಾರ ಅವನ ಮನೆ ಬಾಗಿಲಲ್ಲಿ ನಿಂತೆ. ಉಳಿದಿದ್ದು ಎರಡೇ ದಿನ, ಮದುಮಗಳಿಂದ ಬೆಳಿಗ್ಗೆ ಆಗಲೇ ಮೂರು ಫೋನು ಬಂದಿತ್ತು.

"ಭಾವ, ಇದು ಸಾಫ್ಟ್‌ವೇರ್ ಕೇಸೇ ಅಲ್ಲ. ನೀವು ತಪ್ಪು ಡಾಕ್ಟರ ತಾವ ಓಗಿದ್ರಿ" ಅಂದ. "ಒಳಗೆ ಇಡ್ಕಂಡಿರೋದನ್ನ ಎಳೀಬೇಕು, ಅಷ್ಟೆಯ."

"ಹೆಂಗೆ ಎಳೀತೀಯ? ಚಿಮಟ ಹಿಡಿಯೋಕೆ ಅಂಚೇ ಸಿಗ್ತಾ ಇಲ್ಲ."

ಅವನು ಒಳಗೆ ಹೋಗಿ ತೆಂಗಿನ ಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತಂದ. ತುದಿಗೆ ಒಂದು ಹನಿ ಅಂಟು, ಮುಟ್ಟಿದ ತಕ್ಷಣ ಕಚ್ಚಿಕೊಳ್ಳುವಂಥದ್ದು. ಸೀಳಿನೊಳಗೆ ಕಡ್ಡಿ ಬಿಟ್ಟು ಕಾರ್ಡಿನ ಅಂಚಿಗೆ ತಾಗಿಸಿ, "ಉಸ್ರು ಬುಡ್ಬೇಡಿ" ಅಂದ. ಇಬ್ಬರೂ ಉಸಿರು ಹಿಡಿದು ನೂರು ಎಣಿಸಿದೆವು. ನಾನು ಅರವತ್ತಕ್ಕೆ ಬಿಟ್ಟೆ.

"ಇಡ್ಕಂತು ಭಾವ! ಉಕ್ಕಿನಂಗೆ ಇಡ್ಕಂತು! ಈಗ ನೋಡಿ" ಅಂತ ಎಳೆದ.

ಕಡ್ಡಿ ಮುರಿಯಿತು. ಅಂಟು ಬಿಡಲಿಲ್ಲ, ಕಾರ್ಡು ಬರಲಿಲ್ಲ. ಬೆರಳುದ್ದದ ಕಡ್ಡಿ ಲ್ಯಾಪ್‌ಟಾಪಿನ ಪಕ್ಕದಿಂದ ಹೊರಗೆ ಚಾಚಿಕೊಂಡು ನಿಂತಿತು. ಅದನ್ನು ಕತ್ತರಿಸಲು ಹೋದವನ ಕೈ ಹಿಡಿದು, "ಇನ್ನು ಮುಟ್ಟಬೇಡ, ನಿನಗೆ ಕೈ ಮುಗೀತೀನಿ" ಅಂತ ಹೊರಟೆ.

ರಾತ್ರಿ ಅಲ್ಲೇ ಉಳಿದು ಗುರುವಾರ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತಿದೆ. ಇನ್ನು ಹುಡುಗಿಯ ಮನೆಗೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುವುದು, ಅವರ ಎದುರಿಗೇ ಕೂತು ಕೊನೆಯ ಪ್ರಯತ್ನ ಮಾಡುವುದು ಅಂತ ನಿರ್ಧರಿಸಿದ್ದೆ. ಕಡ್ಡಿ ಮುರಿದೀತು ಅಂತ ಬ್ಯಾಗಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಮುಚ್ಚಳದ ಮೇಲೆ ಪೂಜೆಯ ದಿನದ ಕುಂಕುಮ ಇನ್ನೂ ಇತ್ತು. ಪಕ್ಕಕ್ಕೆ ಬಂದು ಕೂತ ಹೆಂಗಸೊಬ್ಬರು ಕುಂಕುಮ ನೋಡಿದರು, ಕಡ್ಡಿ ನೋಡಿದರು. ಎರಡೂ ಕೈಯಿಂದ ಲ್ಯಾಪ್‌ಟಾಪ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಊದ್‌ಗಡ್ಡಿ ಆರೋಗದೆ ಸಾ, ಬೆಂಕಿಪಟ್ಣ ಕೊಡ್ಲಾ?" ಅಂದರು.

೫. ಅಜ್ಜಿಯ ಮೊರ

ಅರಕಲಗೂಡಿನ ಮನೆಯಲ್ಲಿ ಮದುಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಜಗಲಿ ಮೇಲೆ ಅಜ್ಜಿ ಅಕ್ಕಿ ಕೇರುತ್ತಿದ್ದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬಲವಂತವಾಗಿ ಒತ್ತಿದ್ದು ನಾನು, ಮೊದಲೇ ಬೇರೆ ಕಡೆಗೆ ಕಾಪಿ ಮಾಡಿಟ್ಟುಕೊಳ್ಳದೆ ಇದ್ದದ್ದೂ ನಾನು. ಸುಳ್ಳು ಯಾಕೆ ಹೇಳಲಿ, ಆ ನಾಲ್ಕು ದಿನದಲ್ಲಿ ಅವತ್ತೊಂದೇ ಸಲ ನನಗೆ ಸೋತೆ ಅನ್ನಿಸಿದ್ದು.

ಅವಳು ಅಳಲಿಲ್ಲ. ಟೀಚರಮ್ಮ ಅಲ್ಲವೇ, ಒಳಗೆ ಹೋಗಿ ಸುತ್ತಿಗೆ ತಂದಳು.

"ಅಣ್ಣಾ, ಒಡೆದು ತೆಗೀತೀನಿ. ಬೇಜಾರು ಮಾಡ್ಕೋಬೇಡಿ."

"ಕಾರ್ಡೂ ಒಡೆದು ಹೋಗುತ್ತಮ್ಮಾ!" ಅಂತ ನಾನು ಲ್ಯಾಪ್‌ಟಾಪನ್ನು ಅಪ್ಪಿಕೊಂಡು ಹಿಂದೆ ಸರಿದೆ. ಸರಿಯುವಾಗ ಅದು ಅಲ್ಲಾಡಿತು.

ಅಜ್ಜಿ ಕೇರುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಇನ್ನೊಂದ್ ಕಿತ ಅಲ್ಲಾಡ್ಸು ಮಗ."

ಅಲ್ಲಾಡಿಸಿದೆ.

"ಒಳೀಕೆ ಅಕ್ಕಿ ಅದೆ."

"ಅಜ್ಜಿ, ಇದು ಲ್ಯಾಪ್‌ಟಾಪು" ಅಂದಳು ಮೊಮ್ಮಗಳು.

"ಏನಾರ ಆಗ್ಲಿ ಕಣವ್ವ. ಎಪ್ಪತ್ ವರ್ಷದಿಂದ ಕೇರ್ತಾ ಇವ್ನಿ, ಅಕ್ಕಿ ಸದ್ದು ನಂಗ್ ಗೊತ್ತಾಗಾಕಿಲ್ವಾ? ತತ್ತಾ ಇಲ್ಲಿ."

ಕೊಟ್ಟೆ. ಲ್ಯಾಪ್‌ಟಾಪ್ ಆರಿಸಿಟ್ಟಿದ್ದೆ, ಇನ್ನೇನು ಹೋಗುವುದಿತ್ತು? ಅಜ್ಜಿ ಅದನ್ನು ಮೊರ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೀಳು ಮುಂದಕ್ಕೆ ಬರುವ ಹಾಗೆ ತಿರುಗಿಸಿ, ಒಂದು ಸಲ ಎಡಕ್ಕೆ ಓಲಿಸಿ, ಒಂದು ಸಲ ಬಲಕ್ಕೆ ಓಲಿಸಿ, ಅಂಗೈಯಿಂದ ಅಂಚಿಗೆ ತಟ್ಟತೊಡಗಿದರು. ನನ್ನ ಸ್ಟುಡಿಯೋದ ಇಡೀ ಬಂಡವಾಳವನ್ನು ನನ್ನ ಕಣ್ಣೆದುರಿಗೇ ಸೋನಾಮಸೂರಿಯ ಹಾಗೆ ಕೇರುತ್ತಿದ್ದರು. ಹತ್ತು ಸಲ ತಟ್ಟಿರಬಹುದು. ಒಳಗೆ ಏನೋ ಟಕ್ ಅಂತು. ನಾಲ್ಕು ದಿನದಿಂದ ನಾನು ಕೇಳಲು ಕಾತರಿಸುತ್ತಿದ್ದ ಟಕ್!

ಅಜ್ಜಿ ಭಾವಮೈದನ ಕಡ್ಡಿ ಹಿಡಿದು ಮೆಲ್ಲಗೆ ಎಳೆದರು. ಕಾರ್ಡ್ ಬಂತು. ಸೀಳನ್ನು ಮೊರದ ಮೇಲೆ ಬಗ್ಗಿಸಿ ಇನ್ನೆರಡು ಸಲ ತಟ್ಟಿದರು. ಏಳು ಅಕ್ಕಿಕಾಳು ಬಿದ್ದವು, ಅರಿಶಿನ ಹಚ್ಚಿದ್ದು. ಹಿಂದೆಯೇ ನಾಲ್ಕು ಜೀರಿಗೆ, ಒಂದು ಸತ್ತ ಇರುವೆ.

ಆಗ ನನಗೆ ಎಲ್ಲ ಅರ್ಥವಾಯಿತು. ಮದುಮಗಳು ಹಾರಿ ಇಟ್ಟ ಜೀರಿಗೆ-ಬೆಲ್ಲದಲ್ಲಿ ಅರ್ಧ ಎಲ್ಲೋ ಹೋಯಿತು ಅಂದೆನಲ್ಲ, ಅದು ಹೋದದ್ದು ಇಲ್ಲಿಗೆ. ಅದರ ಮೇಲೆ ಅಕ್ಷತೆ ಬಿದ್ದಿದೆ. ಅದರ ಮೇಲೆ ನಾನು ಕಾರ್ಡ್ ಒತ್ತಿದ್ದೇನೆ. ಬೆಲ್ಲ ಎಲ್ಲವನ್ನೂ ಸೇರಿಸಿ ಅಂಟಿಸಿಬಿಟ್ಟಿದೆ. ನಾನು ಡ್ರೈವರು, ಅಪ್‌ಡೇಟು ಅಂತ ಒದ್ದಾಡುತ್ತಿದ್ದಾಗ ನಾಲ್ಕು ದಿನ ಹಗಲೂ ರಾತ್ರಿ ಬೆಲ್ಲ ತಿಂದು ಕಾಳುಗಳನ್ನು ಸಡಿಲ ಮಾಡಿದ್ದು ಇರುವೆಗಳು. ನಾಲ್ಕು ಊರಿನಲ್ಲಿ ನಿಜವಾಗಿ ರಿಪೇರಿ ಮಾಡಿದವರು ಅವರೇ, ಅವರನ್ನೇ ನಾನು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ.

"ಈ ತೂತಿಗೊಂದು ಮುಚ್ಳ ಮಡಗಕಿಲ್ವಾ ಮಗ ಕಂಪನಿಯೋರು?" ಅಂದರು ಅಜ್ಜಿ.

"ಮಡಗಿದ್ರು ಅಜ್ಜಿ" ಅಂದೆ. "ನಮ್ಮನೆ ಗ್ರೈಂಡರಿನ ಕೆಳಗಿದೆ."

ನಾನು ಲ್ಯಾಪ್‌ಟಾಪ್ ಆನ್ ಮಾಡಿ, ಕಾರ್ಡನ್ನು ಒರೆಸಿ ಮತ್ತೆ ಅದೇ ಸೀಳಿಗೆ ಹಿಡಿದೆ. "ಬೇಡಾ!" ಅಂತ ಮದುಮಗಳು ಕಿರುಚಿದಳು. "ಮತ್ತೆ ಅಲ್ಲಿಗೇ ಹಾಕ್ತೀರಾ?" ಅಂತ ಸುತ್ತಿಗೆ ಎತ್ತಿದಳು. ಆದರೆ ನಾಲ್ಕು ದಿನ ಅದರ ಜೊತೆ ಗುದ್ದಾಡಿದವನು ನಾನು, ಕೊನೆಗೆ ಅದೇ ಬಾಯಿ ಬಿಡಬೇಕು. ಕಡ್ಡಿ ಹಿಡಿದು ಮೆಲ್ಲಗೆ ತೂರಿಸಿದೆ. ಬೆಣ್ಣೆಯ ಹಾಗೆ ಹೋಯಿತು. ಹದಿನೆಂಟು ಸಲ ಕೇಳಿಸದ ಆ ಪುಟ್ಟ ಟ್ರಿಂಗ್ ಸದ್ದು ಬಂತು. ಪರದೆಯ ತುಂಬ ಮದುವೆ.

ಮೊದಲ ಫೋಟೋದಲ್ಲಿ ಹುಡುಗನ ಮುಖಕ್ಕೆ ಯಾರದೋ ಮೊಣಕೈ ಅಡ್ಡ. ಎರಡನೆಯದರಲ್ಲಿ ಬರೀ ಅಕ್ಷತೆ. ಮೂರನೆಯದು ಬಂತು, ಮದುಮಗಳು ಸುತ್ತಿಗೆ ಕೆಳಗಿಟ್ಟಳು. ಹುಡುಗ ಬಗ್ಗಿ ತಾಳಿ ಕಟ್ಟುತ್ತಿದ್ದಾನೆ, ಅವನ ನೆತ್ತಿಯಿಂದ ಬೆಲ್ಲ ಇಳಿಯುತ್ತಿದೆ, ಹುಡುಗಿ ಗೆದ್ದ ಖುಷಿಯಲ್ಲಿ ಬಾಯ್ತುಂಬ ನಗುತ್ತಿದ್ದಾಳೆ. ನಾನು ಇಷ್ಟು ವರ್ಷದಲ್ಲಿ ತೆಗೆದ ಅತಿ ಒಳ್ಳೆಯ ತಾಳಿ ಫೋಟೋ ಅದು. ಮೂಲೆಯಲ್ಲಿ ನನ್ನ ಲ್ಯಾಪ್‌ಟಾಪೂ ಇತ್ತು, ಬಲಗಡೆಯ ಸೀಳಿನ ಹತ್ತಿರ ಬೆಲ್ಲ ಮೆತ್ತಿಕೊಂಡು. ನಾನು ನಾಲ್ಕು ದಿನ ಹುಡುಕಿದ ಕಾಯಿಲೆಯ ಫೋಟೋವನ್ನು ಭಾನುವಾರವೇ ನಾನೇ ತೆಗೆದಿದ್ದೆ, ಅದು ಆ ಕಾಯಿಲೆಯೊಳಗೇ ಸಿಕ್ಕಿಕೊಂಡಿತ್ತು.

೬. ಮೂರನೇ ಸಾಕ್ಷಿ

ಶುಕ್ರವಾರ ನೋಂದಣಿ ಆಯಿತು, ಅರ್ಜಿ ಹೋಯಿತು, ಎರಡು ತಿಂಗಳಿಗೆ ವರ್ಗಾವಣೆಯೂ ಆಯಿತು. ಆ ಹುಡುಗಿ ಈಗ ದೊಡ್ಡಗದ್ದವಳ್ಳಿ ಕಡೆಯ ಒಂದು ಶಾಲೆಯಲ್ಲಿ ಟೀಚರ್, ಸಂಜೆ ಬಸ್ಸಿಗೆ ಹಾಸನದ ಮನೆ ಸೇರುತ್ತಾಳೆ. ಆದರೆ ಶುಕ್ರವಾರ ಆ ಕಚೇರಿಯಲ್ಲಿ ಏನಾಯಿತು ಅನ್ನುವುದನ್ನು ಹೇಳದಿದ್ದರೆ ನನ್ನಾಕೆ ನನ್ನನ್ನು ಬಿಡುವುದಿಲ್ಲ.

ಫೋಟೋ ಪ್ರಿಂಟು ಹಾಕಿಸಿ ನಾನೇ ಕೊಡಲು ಹೋಗಿದ್ದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿ, "ಈಗ ಸರಿ. ತಾಳಿ ಕಾಣ್ತಿದೆ, ಕತ್ತು ಕಾಣ್ತಿದೆ" ಅಂದರು. "ಸಾಕ್ಷಿಗಳು ಮೂರು ಜನ ಬನ್ನಿ."

ಹುಡುಗನ ಅಣ್ಣ ಬಂದ. ಅಜ್ಜಿ ಬಂದರು. ಮೂರನೆಯವರಾಗಿ ಬರಬೇಕಿದ್ದ ಹುಡುಗನ ಸೋದರಮಾವ ಯಾವುದೋ ಮಾತಿಗೆ ಮುನಿಸಿಕೊಂಡು ಬಂದಿರಲಿಲ್ಲ. ಗಂಟೆ ಮೂರಾಗಿತ್ತು, ಅರ್ಜಿಗೆ ಐದರವರೆಗೆ ಮಾತ್ರ ಸಮಯ. ಮದುಮಗಳ ಮುಖ ಬಿಳಿಚಿಕೊಂಡಿತು. ಇಷ್ಟು ದೂರ ಬಂದು ಇಲ್ಲಿ ನಿಲ್ಲುವುದೇ? ನಾನು ಮುಂದೆ ನಡೆದು, "ಸಾಕ್ಷಿ ನಾನು ಹಾಕ್ತೀನಿ" ಅಂದೆ.

"ನೀವು ಯಾರು?"

"ಫೋಟೋಗ್ರಾಫರ್. ಮದುವೇಲಿ ಎಲ್ಲರಿಗಿಂತ ಮುಂದೆ ಇದ್ದೋನೇ ನಾನು."

ಗುಮಾಸ್ತರು ಪ್ರಿಂಟುಗಳನ್ನೆಲ್ಲ ತಿರುವಿದರು. "ಒಂದರಲ್ಲೂ ನೀವಿಲ್ವಲ್ಲ. ಮದುವೇಲಿ ಇದ್ರಿ ಅನ್ನೋಕೆ ಏನು ಆಧಾರ?"

ಇಷ್ಟು ವರ್ಷ ಮದುವೆಗಳಲ್ಲಿ ನಿಂತಿದ್ದೇನೆ, ಒಂದರಲ್ಲೂ ನಾನಿದ್ದೆ ಅನ್ನುವುದಕ್ಕೆ ಆಧಾರ ಇಲ್ಲ. ಆಗ ಅಜ್ಜಿ ನನ್ನ ಭುಜ ಹಿಡಿದರು.

"ತಿರೀಕ್ಕೊ ಮಗ."

"ಅಜ್ಜಿ?"

"ತಿರೀಕ್ಕೊ ಅಂದೆ ಕಣಪ್ಪ."

ತಿರುಗಿದೆ. ಮದುವೆಯ ದಿನದ ಆ ಬಿಳಿ ಶರ್ಟನ್ನು ನನ್ನಾಕೆ ಮೂರು ಸಲ ಒಗೆದಿದ್ದಳು. ಸೋಪು ಬಿದ್ದ ಅರಿಶಿನ ಏನಾಗುತ್ತೆ ನಿಮಗೆ ಗೊತ್ತಲ್ಲ, ಅಂಗೈ ಗುರುತು ಹೋಗಲಿಲ್ಲ, ಕೆಂಪಗಾಯಿತು. ಇನ್ನು ಮದುವೆಗಳಿಗೆ ಆಗುವುದಿಲ್ಲ ಅಂತ ಅದನ್ನು ಬಸ್ಸಿನ ಓಡಾಟಕ್ಕೆ ಇಟ್ಟುಕೊಂಡಿದ್ದೆ. ಅವತ್ತೂ ಅದೇ ಹಾಕಿದ್ದೆ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಗುಮಾಸ್ತರು ಎದ್ದು ಬಂದರು. ಮದುಮಗಳು ಸೋಮವಾರ ತಿರಸ್ಕೃತವಾದ ಮೊಬೈಲ್ ಫೋಟೋಗಳನ್ನು ತೆಗೆದು ಅವರ ಮುಂದೆ ಹಿಡಿದಳು. ಅವರು ಫೋಟೋ ನೋಡಿದರು, ನನ್ನ ಬೆನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಶರ್ಟು ಯಾರು ಬೇಕಾದ್ರೂ ಹಾಕ್ಕೋಬಹುದು" ಅಂತ ಗೊಣಗಿದರು.

"ಕೈಯ ಯಾರು ಬೇಕಾರೂ ಆಕ್ಕಂಡಾರಾ ಸ್ವಾಮಿ?" ಅಂದರು ಅಜ್ಜಿ. ಅಂದವರೇ ತಮ್ಮ ಬಲಗೈಯನ್ನು ನನ್ನ ಬೆನ್ನಿನ ಗುರುತಿನ ಮೇಲೆ ಇಟ್ಟರು. ಬೆರಳಿಗೆ ಬೆರಳು ಕೂತಿತು. ಸೊಟ್ಟ ಕಿರುಬೆರಳೂ ಸೊಟ್ಟ ಗುರುತಿನ ಮೇಲೇ ಕೂತಿತು.

ಇಡೀ ಕಚೇರಿ ಟೈಪು ನಿಲ್ಲಿಸಿ ನೋಡುತ್ತಿತ್ತು. ಗುಮಾಸ್ತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತಮ್ಮ ಕುರ್ಚಿಯಲ್ಲಿ ಕೂತರು. ಪುಸ್ತಕವನ್ನು ನನ್ನ ಕಡೆ ತಳ್ಳಿದರು.

"ಸರಿ, ಸೈನ್ ಮಾಡಿ" ಅಂದರು. "ಆದ್ರೆ ದಯವಿಟ್ಟು ಈಗ ಈ ಕಡೆ ತಿರುಗಿ. ನಿಮ್ಮ ಮುಖಾನೂ ಒಂದ್ಸಲ ನೋಡ್ತೀನಿ."